ಮಾಡ್ತೀನಿ ಅಂದರೆ ಸೀಟಿ

ಮದುವೆಯಾಗಿ ಆ ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಸೊಸೆಗೆ ತನ್ನ ಅತ್ತೆ ಎಂಥವರು ಎಂಬುದು ಗೊತ್ತಾಗಿಹೋಯಿತು. ಬಚ್ಚಲುಮನೆಯ ಮುಂದೆ ನೆಂಟರೆಲ್ಲ ಟವೆಲು ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಅಡುಗೆಮನೆಯಿಂದ ಒಂದು ಕೂಗು ಬಂತು: "ಒಳಗಿರೋರು ಬೇಗ ಇಳೀರಿ! ಹಿಂದೆ ಜನ ಕಾಯ್ತಿದಾರೆ!" ಒಳಗಿದ್ದ ಮದುಮಗ ಕಿವಿಯ ಹಿಂದೆ ಸೋಪಿನ ನೊರೆ ಇಟ್ಟುಕೊಂಡೇ ಹೊರಗೆ ಬಂದ. ಸೊಸೆ ಕಣ್ಣು ಪಿಳಿಪಿಳಿ ಬಿಟ್ಟು ನೋಡಿದಳು. ಆ ದನಿಗೆ ಗೋಡೆಯ ಮೇಲಿನ ಹಲ್ಲಿಯೂ ಒಂದು ಗೇಣು ಮುಂದೆ ಸರಿದಿರಬೇಕು.

ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಹೋಲ್ಡಾನ್ ಅಂದರೆ ನಿಲ್ಲಿಸು, ರೈಟ್ ಅಂದರೆ ಹೊರಡು. ಈ ಎರಡು ಮಾತಿನಲ್ಲೇ ಅವರ ನೌಕರಿಯೆಲ್ಲ ಕಳೆದಿತ್ತು. ಬಡಾವಣೆಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ಹೋಲ್ಡಾನಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರಿಗೆ ಸಿಟ್ಟಿಲ್ಲ. ಒಮ್ಮೆ ಏರಿನಲ್ಲಿ ಬಸ್ಸು ಕೆಟ್ಟು ನಿಂತಾಗ "ಎಲ್ಲಾ ಇಳೀರಿ, ನೂಕಿ" ಎಂದು ಒಂದೇ ಮಾತು ಹೇಳಿದ್ದರಂತೆ. ಇಸ್ತ್ರಿ ಮಾಡಿದ ಕೋಟು ತೊಟ್ಟ ಯಾವುದೋ ಆಫೀಸಿನ ಸಾಹೇಬರೂ ತುಟಿಪಿಟಕ್ಕೆನ್ನದೆ ಇಳಿದು ಹೆಗಲು ಕೊಟ್ಟರಂತೆ. ಬಸ್ಸು ಹೊರಟ ಮೇಲೆ ಅತ್ತೆ ಅವರಿಗೆ ಹೇಳಿದ್ದು: "ಪರವಾಗಿಲ್ಲ ಸಾರ್, ಕೆಲಸ ಬರುತ್ತೆ ನಿಮಗೆ."

ಇಂಥ ಹೆಂಗಸಿಗೆ ನಿವೃತ್ತಿ ಆದರೆ ಏನಾಗಬೇಕು? ಮೊದಲ ತಿಂಗಳು ಮನೆಯವರ ಪ್ರಾಣ ಹಿಂಡಿದರು. ಎರಡನೇ ತಿಂಗಳು ಬೀದಿಯವರ ಪ್ರಾಣ ಹಿಂಡಿದರು. ಅಷ್ಟರಲ್ಲಿ ಊರಿನ ಕೌನ್ಸಿಲ್ಲಿನ ಚುನಾವಣೆ ಬಂತು, ಎಲ್ಲರೂ ಬಚಾವಾದರು.

ಅತ್ತೆ ಓಡಾಡಿದ ಬಸ್ಸಿನ ಕೊನೆಯ ಸ್ಟಾಪಿನ ಹೆಸರು ಸೇತುವೆ. ಅಲ್ಲಿ ಸೇತುವೆ ಇರಲಿಲ್ಲ. ಕಾಲುವೆಯ ಮೇಲೆ ಸೇತುವೆ ಕಟ್ಟಿಸುತ್ತೇನೆ ಎಂದು ಯಾವುದೋ ಕಾಲದಲ್ಲಿ ಯಾರೋ ಹೇಳಿದ್ದರು. ಹೆಸರು ಬಂತು, ಬೋರ್ಡು ಬಂತು, ಸೇತುವೆ ಬರಲಿಲ್ಲ. ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಅದೇ ಕಾಲುವೆಯ ದಡದಲ್ಲಿ ನಿಂತು ಅದೇ ಮಾತು ಹೇಳುವುದು, ಜನ ಚಪ್ಪಾಳೆ ತಟ್ಟುವುದು, ಆಮೇಲೆ ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು ನೀರು ದಾಟುವುದು. "ಇಲ್ಲದ ಸೇತುವೆಗೆ ಜೀವಮಾನವೆಲ್ಲಾ ಟಿಕೆಟ್ ಹರಿದೆ ಕಣೇ" ಎಂದು ಅತ್ತೆ ಸೊಸೆಯ ಹತ್ತಿರ ಹೇಳುತ್ತಿದ್ದರು. "ಯಾರು ಎಂಥೋರು ಅಂತ ಜನಕ್ಕೆ ಗೊತ್ತಾಗೋದು ಹೇಗೆ? ಎಲ್ಲರ ಬಾಯಲ್ಲೂ ಒಂದೇ ಮಾತು. ಮಾಡ್ತೀನಿ, ಮಾಡ್ತೀನಿ, ಮಾಡ್ತೀನಿ!"

ಹಾಗೆ ಹುಟ್ಟಿದ್ದು ಅತ್ತೆಯ ಬೆಂಚಿನ ಪಂಚಾಯಿತಿ. ಲೈಬ್ರರಿಯ ಓದುವ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ, ಒಂದು ಗಿಡ್ಡ ಬೆಂಚು ಹಾಕಿ, ಚುನಾವಣೆಗೆ ನಿಂತವರನ್ನೆಲ್ಲ ಕರೆಸಿದರು. ನಿಯಮ ಒಂದೇ. ಬೆಂಚು ಹತ್ತಿದವರು ಮಾಡಿದ್ದನ್ನು ಹೇಳಬೇಕು, ಮಾಡುವುದನ್ನು ಹೇಳಕೂಡದು. ಮಾಡ್ದೆ, ಕಟ್ಟಿಸ್ದೆ, ಕೊಡ್ಸಿದೆ, ಏನಾದರೂ ಸರಿ. ಮಾಡ್ತೀನಿ ಅಂದರೆ ಸೀಟಿ. ಮೂರನೇ ಸೀಟಿಗೆ ಇಳಿಯಬೇಕು. ಅತ್ತೆ ಯಾರ ಪರವಾಗಿಯೂ ಒಂದು ಮಾತಾಡುವುದಿಲ್ಲ, ಯಾರ ವಿರುದ್ಧವೂ ಆಡುವುದಿಲ್ಲ. ಅವರ ಬಾಯಲ್ಲಿ ಸೀಟಿ ಇರುತ್ತದಲ್ಲ, ಮಾತಾಡುವುದಾದರೂ ಹೇಗೆ?

ಮೊದಲ ಸಲ ಯಾರೂ ಬರಲಿಲ್ಲ. ಅತ್ತೆ ಖಾಲಿ ಬೆಂಚನ್ನೇ ಜನಕ್ಕೆ ತೋರಿಸಿದರು. ಜನ ಬೆಂಚಿಗೇ ಪ್ರಶ್ನೆ ಕೇಳಿದರು, ಬೆಂಚು ಉತ್ತರ ಕೊಡಲಿಲ್ಲ, ನಕ್ಕು ನಕ್ಕು ಎಲ್ಲರ ಹೊಟ್ಟೆ ಹುಣ್ಣಾಯಿತು. ಮುಂದಿನ ಚುನಾವಣೆಗೆ ಎಲ್ಲರೂ ಓಡೋಡಿ ಬಂದರು. ಭಾಷಣದಲ್ಲಿ ಹುಲಿಯಂತೆ ಗುಡುಗುವವರು ಆ ಬೆಂಚಿನ ಮೇಲೆ ಬೆಕ್ಕಿನ ಮರಿಯಾಗುವುದನ್ನು ನೋಡಬೇಕಿತ್ತು! "ನಮ್ಮ ಬಡಾವಣೆಗೆ ನಾನು..." ಎಂದು ಶುರು ಮಾಡಿ, ಅತ್ತೆಯ ಕೆನ್ನೆ ಉಬ್ಬಿದ್ದು ಕಂಡು, ಕೆಮ್ಮಿ, ನೀರು ಕುಡಿದು, ಇಳಿದುಹೋದವರಿದ್ದರು. ಬೆಣ್ಣೆ ಮಾತಿನವರು ಬೆವೆತು ಕರಗಿದರು. ಕೆಲಸ ಮಾಡಿದವರು ಯಾರು, ಬೂಸಿ ಬಿಟ್ಟವರು ಯಾರು ಎಂಬುದು ಅಂಗೈ ಮೇಲಿನ ನೆಲ್ಲಿಕಾಯಿಯಾಯಿತು. ಕಾಲುವೆಗೆ ನಿಜವಾಗಿಯೂ ಸೇತುವೆ ಬಂದದ್ದು ಅದಾದ ಮೇಲೆಯೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ದಿನವಿಡೀ ಜನರ ಕಣ್ಣಿಗೆ ಗಾಜು ಹೊಂದಿಸುವವಳು, ಇದನ್ನೆಲ್ಲ ನೋಡಿ ಬೆರಗಾಗುತ್ತಿದ್ದಳು. ಒಂದು ಸೀಟಿಯಿಂದ ಒಂದು ಊರಿಗೇ ಕಣ್ಣು ಕಾಣುವಂತೆ ಮಾಡಬಹುದೆಂದು ಅವಳಿಗೆ ಯಾರು ಹೇಳಿದ್ದರು?

ಈ ಸಲದ ಚುನಾವಣೆಯಲ್ಲಿ ಅವರ ವಾರ್ಡಿಗೆ ಮೂವರು ನಿಂತಿದ್ದರು. ಹಿಂದಿನ ಸಲ ಗೆದ್ದಿದ್ದ ಕಂಟ್ರಾಕ್ಟರ್ ಒಬ್ಬ. ಟೈರ್ ಅಂಗಡಿಯವನು ಇನ್ನೊಬ್ಬ. ಅವನು ಸೊಸೆಯ ಒಡಹುಟ್ಟಿದ ಅಣ್ಣ. ಮೂರನೆಯವಳು ವಾರ್ಡಿನ ಆ ತುದಿಯ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು, ಜನ ಬನ್ನಕ್ಕ ಅನ್ನುತ್ತಿದ್ದರು. ಅವಳು ಯಾಕೆ ನಿಂತಳು ಎಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಅಣ್ಣ ವಾರದಿಂದ ತಂಗಿಯ ಮುಂದೆ ಅಭ್ಯಾಸ ಮಾಡಿದ್ದ. ಅವನೇನು ಸುಳ್ಳುಗಾರನಲ್ಲ, ತನ್ನ ಓಣಿಗೆ ದೀಪ ಹಾಕಿಸಿದ್ದ, ಶಾಲೆಯ ಮುಂದಿನ ಗುಂಡಿ ಮುಚ್ಚಿಸಿದ್ದ. ಬೆಂಚು ಹತ್ತಿ ಒಂದೂ ಸೀಟಿ ಬೀಳದಂತೆ ಎಲ್ಲವನ್ನೂ ಹೇಳಿ ಇಳಿದ. ಚಪ್ಪಾಳೆ ಬಿತ್ತು. ಸೊಸೆಯ ಎದೆ ಹಿಗ್ಗಿತು. ಕಂಟ್ರಾಕ್ಟರ್ ಎರಡು ಸೀಟಿ ತಿಂದು, ಮೂರನೆಯದು ಬೀಳುವ ಮೊದಲು "ಸ್ನಾನದ ಘಟ್ಟಕ್ಕೆ ಕಲ್ಲು ಹಾಕಿಸಿದ್ದೇನೆ!" ಎಂದು ಕೂಗಿದ. ಹಿಂದಿನಿಂದ ಒಬ್ಬಳು ಅಷ್ಟೇ ಜೋರಾಗಿ, "ಒಂದೇ ಕಲ್ಲು ಸ್ವಾಮಿ! ಅದರ ಮೇಲೆ ನಾನು ಬಟ್ಟೆ ಒಗೀತೀನಿ!" ಎಂದಳು. ಕೋಣೆಯೆಲ್ಲ ಗೊಳ್ಳೆಂದಿತು.

ಆ ನಗು ಇನ್ನೂ ನಿಂತಿರಲಿಲ್ಲ, ಬನ್ನಕ್ಕ ಬೆಂಚು ಹತ್ತಿದಳು. ಬಡಕಲು ಮೈ, ಮೊಣಕೈಯಲ್ಲಿ ಒಣಗಿದ ಹಿಟ್ಟು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಳು.

"ನಾನು ಆಸ್ಪತ್ರೇಲಿ ಯಾರೂ ಇಲ್ದಿರೋ ರೋಗಿಗಳ ಹತ್ರ ಕೂತ್ಕೋತೀನಿ" ಎಂದಳು.

ಸೀಟಿ ಬಿತ್ತು. ಬನ್ನಕ್ಕ ಬೆಚ್ಚಿದಳು.

"ಒಂಟಿಯಾಗಿರೋ ವಯಸ್ಸಾದೋರಿಗೆ ಬ್ರೆಡ್ಡು, ಔಷಧಿ ಮನೆಗೇ ತಗೊಂಡ್ಹೋಗಿ ಕೊಡ್ತೀನಿ."

ಇನ್ನೊಂದು ಸೀಟಿ.

"ಬೀದಿ ದೀಪ ಕೆಟ್ಟರೆ ಆಫೀಸಿಗೆ ಹೋಗಿ, ಲೈನ್‌ಮನ್ ಬರೋವರೆಗೂ ಅಲ್ಲೇ ಕೂತ್ಕೋತೀನಿ."

"ಏನಕ್ಕಾ, ಗೆದ್ದರೆ ಬರೀ ಕೂತ್ಕೊಳ್ಳೋದೇನಾ?" ಎಂದು ಯಾರೋ ಕೂಗಿದರು. ಮೂರನೇ ಸೀಟಿ ಜನರ ನಗೆಯಲ್ಲಿ ಮುಳುಗಿಹೋಯಿತು. ಬನ್ನಕ್ಕ ಒಂದು ಕ್ಷಣ ಅತ್ತೆಯ ಮುಖ ನೋಡಿ, "ಸರಿ ಅಮ್ಮ" ಎಂದು ಹೇಳಿ ಇಳಿದು ಬಾಗಿಲಿನ ಕಡೆ ನಡೆದಳು. ಸೊಸೆಯೂ ನಕ್ಕಿದ್ದಳು. ಅಣ್ಣನ ಗೆಲುವು ಕೈಗೆ ಸಿಕ್ಕಂತೆಯೇ ಇತ್ತು, ನಗದೆ ಇನ್ನೇನು?

ಮರುದಿನ ಸೊಸೆಗೆ ರಜೆ. ಬೆಳಿಗ್ಗೆ ಗಂಡ ತಟ್ಟೆಯ ಮುಂದೆ ಕೂತು, "ರಜೆ ಅಂದ್ಮೇಲೆ ಆರಾಮ ನಿಂಗೆ" ಎಂದು ಒಂದು ಮಾತು ಬಿಟ್ಟ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುವುದು ಸುಮ್ಮನೆಯೇ? ಸೊಸೆ ಸೌಟು ಹಿಡಿದೇ ತಿರುಗಿದಳು.

"ಆರಾಮಾನಾ? ಈ ಮನೇಲಿ ಎಲ್ಲರಿಗಿಂತ ಮುಂಚೆ ಯಾರ್ರೀ ಏಳೋದು? ನಾನು ನೀರು ತುಂಬಿಸ್ತೀನಿ, ಅಡಿಗೆ ಮಾಡ್ತೀನಿ, ನಿಮ್ಮ ಬಟ್ಟೆ ಮಡಚಿಡ್ತೀನಿ..."

ಬಾಗಿಲಲ್ಲಿ ನಿಂತಿದ್ದ ಅತ್ತೆ, ಗಂಡ ಹೆಂಡಿರ ಜಗಳ ತಿಳಿಯಾಗಲಿ ಎಂದು, ತಮಾಷೆಗೆ ಎರಡು ಬೆರಳು ಬಾಯಿಗಿಟ್ಟು ಸೀಟಿ ಊದಿಬಿಟ್ಟರು. ಮಗ ಬಿದ್ದು ಬಿದ್ದು ನಕ್ಕ. ಸೊಸೆಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಎದುರು ಎಂದೂ ದನಿ ಎತ್ತಿದವಳಲ್ಲ, ಅವತ್ತು ಎತ್ತಿದಳು.

"ಅತ್ತೇ! ನಾಳೆ ಮಾಡ್ತೀನಿ ಅಂತ ಹೇಳಿದ್ನಾ ನಾನು? ದಿನಾ ಮಾಡ್ತೀನಿ! ದಿನಾ ಮಾಡೋದನ್ನ ಇನ್ನು ಹೇಗೆ ಹೇಳ್ಬೇಕು?"

ಅತ್ತೆಯ ಬೆರಳು ಬಾಯಿಯ ಹತ್ತಿರವೇ ನಿಂತುಹೋಯಿತು. ಮುಖದ ಬಣ್ಣ ಇಳಿಯಿತು. ಸೊಸೆಗೆ ಗಾಬರಿ, ತಾನು ಜಾಸ್ತಿ ಮಾತಾಡಿದೆನೇನೋ ಎಂದು. ಅತ್ತೆ ನಿಂತಲ್ಲೇ ಗೋಡೆಗೆ ಒರಗಿದರು.

"ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ" ಎಂದರು. "ಆ ಬನ್ನಕ್ಕ. ಕೂತ್ಕೋತೀನಿ ಅಂದ್ಲಲ್ಲ ಕಣೇ. ನಾಳೆ ಕೂತ್ಕೋತೀನಿ ಅಂತ ಅಂದ್ಲಾ, ದಿನಾ ಕೂತ್ಕೋತೀನಿ ಅಂತ ಅಂದ್ಲಾ?"

ನಾವು ಆಡುವ ಮಾತೇ ಹಾಗಿದೆ, ಏನು ಮಾಡುವುದು? ಬಾಯಿಬಡುಕನ ನಾಳೆಯೂ ಅದೇ ಮಾತು, ಮೈ ಮುರಿದು ದುಡಿಯುವವಳ ನಿತ್ಯವೂ ಅದೇ ಮಾತು. ಅಷ್ಟು ಚುನಾವಣೆಯಲ್ಲಿ ಅಷ್ಟು ಸೀಟಿ ಊದಿದವರಿಗೆ ಇದು ಹೊಳೆದಿರಲಿಲ್ಲ. ಹೊಳೆಯುವ ಸಂದರ್ಭವಾದರೂ ಎಲ್ಲಿ ಬಂದಿತ್ತು? ದಿನಾ ಕೆಲಸ ಮಾಡುವವರು ಯಾರೂ ಅದುವರೆಗೆ ಆ ಬೆಂಚು ಹತ್ತಿರಲಿಲ್ಲ.

ಅತ್ತೆ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಸೊಸೆ ಒಲೆ ಆರಿಸಿ ಹಿಂದೆ ಓಡಿದಳು. ಅವತ್ತು ರಾತ್ರಿಗೆ ಪ್ರಚಾರ ಮುಗಿಯುತ್ತಿತ್ತು. ಅದಾದ ಮೇಲೆ ಜನ ಸೇರಿಸಿ ಒಂದು ಮಾತು ಆಡುವ ಹಾಗಿಲ್ಲ.

ಬೇಕರಿಯ ಹಿಂಬಾಗಿಲಲ್ಲಿ ಬನ್ನಕ್ಕ ತಗಡಿನ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದಳು. ಅತ್ತೆಯನ್ನು ಕಂಡು ಗಡಿಬಿಡಿಯಿಂದ ಎದ್ದು ಒಂದು ಸ್ಟೂಲು ಒರೆಸಿ ಹಾಕಿದಳು. ಅತ್ತೆ ಕೂರಲಿಲ್ಲ.

"ನೀನು ಆಸ್ಪತ್ರೇಲಿ ಕೂತ್ಕೊಳ್ಳೋದು ನಿಜಾನಾ?"

"ಹೂಂ ಅಮ್ಮ. ಮಧ್ಯಾಹ್ನ ಇಲ್ಲಿ ಒಲೆ ಆರಿದ್ಮೇಲೆ ಹೋಗ್ತೀನಿ."

"ಎಷ್ಟು ಕಾಲದಿಂದ?"

ಬನ್ನಕ್ಕ ಯೋಚಿಸಿದಳು. "ನಮ್ಮಮ್ಮ ಹೋದಾಗಿಂದ. ಆಗ ಪಕ್ಕದ ಮಂಚದಲ್ಲಿ ಒಬ್ರಿದ್ರು, ಅವರಿಗೆ ಯಾರೂ ಇರ್ಲಿಲ್ಲ. ನಮ್ಮಮ್ಮನ ಕೆಲಸ ಮುಗಿದ್ಮೇಲೆ ಅವರನ್ನ ಬಿಟ್ಟಿರೋಕೆ ಮನಸಾಗ್ಲಿಲ್ಲ. ಅವರಾದ್ಮೇಲೆ ಇನ್ನೊಬ್ರು ಬಂದ್ರು."

"ಮತ್ತೆ ಹಾಗಂತ ಹೇಳೋದು ತಾನೆ ಮಾರಾಯ್ತಿ!" ಅತ್ತೆಯ ದನಿ ಏರಿತು. ತಪ್ಪು ತಮ್ಮದಾದಾಗ ಅವರ ದನಿ ಇನ್ನೂ ಹೆಚ್ಚು ಏರುತ್ತದೆ. "ಇಷ್ಟು ಜನರ ಹತ್ರ ಕೂತಿದ್ದೆ, ಇಷ್ಟು ಮಾಡ್ದೆ ಅಂತ ಹೇಳಿದ್ರೆ ನಾನ್ಯಾಕೆ ಸೀಟಿ ಊದ್ತಿದ್ದೆ?"

ಬನ್ನಕ್ಕ ಎಣ್ಣೆಯ ಬಟ್ಟೆಯನ್ನು ಕೈಯಲ್ಲೇ ಮಡಚಿದಳು. "ಮಾಡ್ದೆ ಅಂದ್ರೆ ಮುಗೀತು ಅಂತ ಆಗುತ್ತಲ್ಲಾ ಅಮ್ಮ" ಎಂದಳು. "ಮುಗಿದಿಲ್ವಲ್ಲ."

ಅತ್ತೆ ಆ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

ಚುನಾವಣೆಗೆ ಯಾಕೆ ನಿಂತೆ ಎಂದು ಕೇಳಿದ್ದಕ್ಕೆ ಬನ್ನಕ್ಕ ಹೇಳಿದಳು: ಆಸ್ಪತ್ರೆಯಲ್ಲಿ ಹೊಸ ನಿಯಮ ಬಂದಿದೆ. ಸಂಜೆಯ ಗಂಟೆ ಹೊಡೆದ ಮೇಲೆ ಬಂಧುಗಳಲ್ಲದವರು ವಾರ್ಡಿನಲ್ಲಿ ಇರುವಂತಿಲ್ಲ. ಯಾರೂ ಇಲ್ಲದವರಿಗೆ ಬಂಧು ಎಲ್ಲಿಂದ ಬರಬೇಕು? ಕಾವಲುಗಾರ ದಿನಾ ಎಬ್ಬಿಸಿ ಕಳಿಸುತ್ತಾನೆ, ಅವನ ತಪ್ಪಲ್ಲ. ಆ ನಿಯಮ ಮಾಡಿದ್ದು ಕೌನ್ಸಿಲ್ಲು. "ಒಳಗೆ ಹೋಗಿ ಕೇಳೋಣ ಅಂತ ನಿಂತೆ. ನಂಗೆ ಭಾಷಣ ಬರಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಜಾತಿ ಅತ್ತೆಯದು. ಅಲ್ಲಿಂದ ನೇರ ಆಸ್ಪತ್ರೆಗೆ ನಡೆದರು. ಫಿನಾಯಿಲ್ ವಾಸನೆಯ ಉದ್ದನೆಯ ವಾರ್ಡಿನಲ್ಲಿ, ಕೊನೆಯ ಮಂಚದ ಪಕ್ಕ, ಒಂದು ಮರದ ಕುರ್ಚಿ ಇತ್ತು. ಮಂಚದಲ್ಲಿ, ಒಂದು ಕಾಲಕ್ಕೆ ಬೀಗ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರು ಮಲಗಿದ್ದರು. ಅವರ ಎದೆ ಏರಿಳಿಯುವುದು ಹೊದಿಕೆಯ ಮೇಲಿಂದಲೇ ಕಾಣುತ್ತಿತ್ತು.

"ಬನ್ನಕ್ಕನಾ?" ಎಂದರು ಸಿಸ್ಟರ್, ಥರ್ಮಾಮೀಟರ್ ಒದರುತ್ತಾ. "ಯಾರೂ ಇಲ್ಲದೋರು ಬಂದ್ರೆ ನಾವು 'ಬೇಕರಿಗೆ ಹೇಳಿ' ಅಂತೀವಿ. ಡಾಕ್ಟ್ರೂ ಹಾಗೇ ಅಂತಾರೆ. ಹೊಸದಾಗಿ ಬಂದ ಡಾಕ್ಟರು ಒಬ್ರು, ಏನೋ ರೋಗಿಗೆ ಬ್ರೆಡ್ ತರಿಸ್ತಾರೆ ಅಂದ್ಕೊಂಡಿದ್ರು." ಸಿಸ್ಟರ್ ನಕ್ಕರು, ಆಮೇಲೆ ಅವರ ದನಿ ಮೆತ್ತಗಾಯಿತು. "ಏನೂ ಮಾಡಲ್ಲ ಆಕೆ. ಕೈ ಹಿಡ್ಕೊಂಡು ಕೂತಿರ್ತಾಳೆ. ಅವರು ಏನ್ ಹೇಳಿದ್ರೂ ಕೇಳ್ತಾಳೆ. ಎಷ್ಟೋ ಜನರ ಕೊನೇ ಮಾತು ಆಕೆಗಷ್ಟೇ ಗೊತ್ತು. ನಾವು ನೋಡಿ ನೋಡಿ, ಈಗೀಗ ಆ ಕಡೆ ಹೋಗುವಾಗ ಮೆಲ್ಲಗೆ ಹೆಜ್ಜೆ ಹಾಕ್ತೀವಿ."

ಸೊಸೆ ಆ ಕುರ್ಚಿಯನ್ನೇ ನೋಡಿದಳು. ಅದರ ಒಂದು ಕೈ ಸವೆದು ನುಣುಪಾಗಿತ್ತು. ಗುಡಿಯಾಗಲಿ ಗೋಪುರವಾಗಲಿ ನೋಡಿದಾಗ ಇಷ್ಟು ದೊಡ್ಡದು ಅನ್ನಿಸಿರಲಿಲ್ಲ ಅವಳಿಗೆ. ಹಿಂದಿನ ಸಂಜೆ ತಾನು ನಕ್ಕಿದ್ದು ನೆನಪಾಯಿತು.

ಮನೆಗೆ ಬಂದರೆ ಅಣ್ಣ ಜಗುಲಿಯಲ್ಲಿ ಕೂತಿದ್ದ. ಅತ್ತೆ ಸಂಜೆ ಮತ್ತೆ ಜನ ಸೇರಿಸುತ್ತಾರೆ ಎಂಬ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು.

"ಆಟ ಮುಗಿದ್ಮೇಲೆ ನಿಯಮ ಬದಲಾಯಿಸ್ತಾರಂತೆ ನಿಮ್ಮತ್ತೆ" ಎಂದ ತಂಗಿಗೆ. "ನಂದೇನಾದ್ರೂ ಸೀಟಿ ಬಿತ್ತಾ? ಗೆದ್ದಾಗಿತ್ತು ಕಣೇ ನಾನು! ಅವಳು ಯಾರ ಹತ್ರ ಕೂತ್ಕೊಂಡ್ರೆ ನಂಗೇನು? ಹೇಳು ಅವರಿಗೆ. ನಿಂಗೆ ಅಣ್ಣ ಬೇಡ್ವಾ?"

"ನಾನು ಯಾರಿಗೂ ಓಟು ಹಾಕಿ ಅನ್ನಲ್ಲಪ್ಪ" ಎಂದರು ಅತ್ತೆ, ಒಳಗಿನಿಂದ. "ತಪ್ಪು ಜಾಗದಲ್ಲಿ ಬಸ್ ನಿಲ್ಲಿಸಿ ಒಬ್ಬಳನ್ನ ಇಳಿಸಿಬಿಟ್ಟೆ. ಅದನ್ನ ಹೇಳ್ತೀನಿ, ಅಷ್ಟೆ. ಅವಳಿಗೆ ಕೇಳೋ ಪ್ರಶ್ನೆ ನಿಮ್ಮಿಬ್ಬರಿಗೂ ಕೇಳ್ತೀನಿ. ನೀನೂ ಬಾ."

ಅಣ್ಣ ತಂಗಿಯ ಮುಖ ನೋಡಿದ. ಅವಳು ಚಿಕ್ಕಂದಿನಲ್ಲಿ ಅವನ ಸೈಕಲ್ಲಿನ ಹಿಂದೆ ಕೂತು ಶಾಲೆಗೆ ಹೋದವಳು. "ಅಣ್ಣ, ನಾನು ಬನ್ನಕ್ಕ ಕೂತ್ಕೊಳ್ಳೋ ಕುರ್ಚಿ ನೋಡಿ ಬಂದೆ" ಎಂದಳು. ಅವನು ಕಾಫಿಯನ್ನೂ ಮುಟ್ಟದೆ ಎದ್ದುಹೋದ.

ಸಂಜೆ ಓದುವ ಕೋಣೆ ಕಾಲಿಡಲು ಜಾಗವಿಲ್ಲದಂತೆ ತುಂಬಿತು. ಕಂಟ್ರಾಕ್ಟರ್ ಬಂದ, ಅಣ್ಣ ಮುಖ ಗಂಟಿಕ್ಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ. ಬನ್ನಕ್ಕ ಬರಲಿಲ್ಲ. ಕರೆದು ತರುತ್ತೇನೆಂದು ಹೋದ ಅತ್ತೆಯೂ ಬರಲಿಲ್ಲ. ಜನ ಗುಸುಗುಸು ಶುರು ಮಾಡಿದರು. ಕೊನೆಗೆ ಬಾಗಿಲಲ್ಲಿ ಬನ್ನಕ್ಕ ಒಬ್ಬಳೇ ಕಾಣಿಸಿದಳು, ಏದುಸಿರು ಬಿಡುತ್ತಾ. ಸೊಸೆಯ ಹತ್ತಿರ ಬಂದು, "ಬೀಗದಜ್ಜಂಗೆ ಜಾಸ್ತಿಯಾಗಿದೆ, ನಾನು ಬರಲ್ಲ ಅಂದೆ" ಎಂದಳು. "ಅಮ್ಮ ನನ್ನ ಎಬ್ಬಿಸಿ ಕಳಿಸಿದ್ರು. ಅವರು ಅಲ್ಲಿ ಕೂತಿದಾರೆ. ಇಲ್ಲಿ ಹೇಳ್ಬೇಕಾದ್ದನ್ನ ನೀವೇ ಹೇಳ್ಬೇಕಂತೆ."

ನಾನಾ? ಸೊಸೆ ಹಿಂದೆ ಬೇರೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದಳು. ಅಂಗಡಿಯಲ್ಲಿ "ಮೇಲಿನ ಸಾಲು ಓದಿ, ಈಗ ಕೆಳಗಿನದು" ಎನ್ನುವುದರ ಆಚೆ ಅವಳು ಹತ್ತು ಜನರ ಮುಂದೆ ಬಾಯಿ ತೆರೆದವಳಲ್ಲ. ಎದುರಿಗೆ ಅಣ್ಣನ ಕಣ್ಣು ಬೇರೆ. ಬೆಂಚು ಹತ್ತಿದಳು.

"ನಿನ್ನೆ ನಮ್ಮತ್ತೆ ಊದಿದ ಮೂರು ಸೀಟಿ ತಪ್ಪು" ಎಂದಳು. "ನಾಳೆ ಮಾಡ್ತೀನಿ ಅಂತ ಬನ್ನಕ್ಕ ಹೇಳಿರ್ಲಿಲ್ಲ. ದಿನಾ ಮಾಡ್ತೀನಿ ಅಂತ ಹೇಳಿದ್ರು. ನಮ್ಮ ಮಾತಲ್ಲಿ ಎರಡೂ ಒಂದೇ ಥರ ಕೇಳಿಸುತ್ತೆ. ಅತ್ತೆ ನಾಳೇದು ಅಂತ ತಿಳ್ಕೊಂಡ್ರು. ನಾವೆಲ್ಲಾ ನಕ್ಕಿದ್ವಿ. ನಾನೂ ನಕ್ಕಿದ್ದೆ."

"ಸಾಕ್ಷಿ ಏನಮ್ಮಾ ಅದಕ್ಕೆ?" ಎಂದ ಕಂಟ್ರಾಕ್ಟರ್. "ಇವಳು ಕೂತಿದ್ದನ್ನ ಹೇಳೋರು ಯಾರಾದ್ರೂ ಇಲ್ಲಿ ಇದಾರಾ? ಕರೀರಿ."

ಸೊಸೆ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು.

"ಯಾರೂ ಇಲ್ಲ ಸಾರ್. ಯಾರೂ ಇಲ್ದಿರೋರ ಹತ್ರಾನೇ ಇವರು ಕೂತಿದ್ದು. ಅವರೆಲ್ಲಾ ಹೋಗಿಬಿಟ್ರು. ನಾನು ಆಸ್ಪತ್ರೇಲಿ ಇವರು ಕೂತ್ಕೊಳ್ಳೋ ಕುರ್ಚಿ ನೋಡಿದೆ, ಸಿಸ್ಟರ್ ಹೇಳಿದ್ದು ಕೇಳಿದೆ, ಅದನ್ನ ನಿಮಗೆ ಹೇಳಿದೆ. ಯಾರಿಗೆ ಹಾಕಬೇಕು ಅನ್ನೋದು ನಿಮಗೆ ಬಿಟ್ಟಿದ್ದು."

ಆಮೇಲೆ ಅವಳು ಮೂವರಿಗೂ ಒಂದೇ ಪ್ರಶ್ನೆ ಕೇಳಿದಳು: ದಿನಾ ಏನು ಮಾಡ್ತೀರಿ? ಕಂಟ್ರಾಕ್ಟರ್ "ದಿನಾ ಜನರ ಕಷ್ಟ ಕೇಳ್ತೀನಿ" ಎಂದ, "ಯಾವೂರ ಜನರದ್ದು ಸ್ವಾಮಿ?" ಎಂದು ಹಿಂದಿನಿಂದ ಬಂತು. ಅಣ್ಣ ಬೆಂಚು ಹತ್ತಿದ. ಬಹಳ ಹೊತ್ತು ಚಪ್ಪಲಿಯ ತುದಿ ನೋಡಿದ. ಏನಾದರೂ ಸುಳ್ಳು ಹೇಳಿಬಿಟ್ಟರೆ ಎಂದು ತಂಗಿಯ ಜೀವ ಹೊಡೆದುಕೊಂಡಿತು. "ದಿನಾ ಪಂಕ್ಚರ್ ಹಾಕ್ತೀನಿ" ಎಂದ ಕೊನೆಗೆ. "ಅಷ್ಟೆ. ಮಿಕ್ಕಿದ್ದು ಆಗೊಮ್ಮೆ ಈಗೊಮ್ಮೆ." ಜನ ಪ್ರೀತಿಯಿಂದಲೇ ಚಪ್ಪಾಳೆ ತಟ್ಟಿದರು. ಅವನು ತಂಗಿಯ ಕಡೆ ನೋಡದೆ ಹೊರಗೆ ಹೋದ.

ಬನ್ನಕ್ಕ ಹಿಂದಿನ ದಿನದ ಅದೇ ಮಾತುಗಳನ್ನು ಅದೇ ದನಿಯಲ್ಲಿ ಹೇಳಿದಳು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೂತ್ಕೋತೀನಿ, ಕೊಡ್ತೀನಿ, ಕೂತ್ಕೋತೀನಿ. ಈಗ ಆ ಮಾತುಗಳು ಕೇಳಿಸಿದ್ದೇ ಬೇರೆ. ಹಿಂದಿನ ದಿನ ಗೇಲಿ ಮಾಡಿದ್ದವನು ತಲೆ ತಗ್ಗಿಸಿದ. "ಬರ್ತೀನಿ, ಅಮ್ಮ ಒಬ್ರೇ ಇದಾರೆ" ಎಂದು ಅವಳು ಇಳಿದಾಗ ಅಷ್ಟು ಇಕ್ಕಟ್ಟಿನಲ್ಲೂ ಜನ ಎದ್ದು ದಾರಿ ಬಿಟ್ಟರು.

ಗೆದ್ದಳೋ ಸೋತಳೋ ಎಂದು ಕೇಳುವವರ ಜೀವ ತಡೆಯುವುದಿಲ್ಲ, ಹೇಳಿಬಿಡುವುದೇ ಒಳ್ಳೆಯದು. ಗೆದ್ದಳು, ಸ್ವಲ್ಪದರಲ್ಲಿ. ಆಸ್ಪತ್ರೆಯ ನಿಯಮ ಬದಲಾಗಲು ಅದಾದ ಮೇಲೂ ಬಹಳ ಜಗಳ ಬೇಕಾಯಿತು. ಕೌನ್ಸಿಲ್ಲಿನಲ್ಲಿ ಅವಳು ಏನು ಮಾಡಿದಳು ಅಂದರೆ, ಅದೇ, ಆಗುವವರೆಗೂ ಕೂತಳು. ಸೋತ ಅಣ್ಣ ತಂಗಿಯ ಜೊತೆ ಬಹಳ ಕಾಲ ಮಾತು ಬಿಟ್ಟ. ಅವನ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಅವಳು ಹೆಜ್ಜೆ ನಿಧಾನ ಮಾಡಿ ಒಳಗೆ ನೋಡುತ್ತಿದ್ದಳು. ಆದರೂ ಆ ಸಂಜೆ ಹೇಳಿದ್ದನ್ನು ಹೇಳಬಾರದಿತ್ತು ಎಂದು ಒಂದು ದಿನವೂ ಅನ್ನಿಸಲಿಲ್ಲ. ಯಾಕೆ ಅನ್ನಿಸಲಿಲ್ಲ ಎಂದರೆ, ಅವತ್ತು ಓದುವ ಕೋಣೆಯಿಂದ ಹೊರಟು ಬನ್ನಕ್ಕನ ಹಿಂದೆಯೇ ಅವಳೂ ಆಸ್ಪತ್ರೆಗೆ ಹೋಗಿದ್ದಳು.

ಅವರು ಹೋಗುವ ಹೊತ್ತಿಗೆ ಸಂಜೆಯ ಗಂಟೆ ಹೊಡೆದಾಗಿತ್ತು. ಕಾವಲುಗಾರ ಆಗಲೇ ಕೊನೆಯ ಮಂಚದ ಹತ್ತಿರ ನಿಂತು, "ಟೈಮಾಯ್ತಮ್ಮ, ಏಳಿ" ಎನ್ನುತ್ತಿದ್ದ. ಅತ್ತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳಿಸುವ ದನಿಯ ಆ ಹೆಂಗಸು ಮುದುಕರ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಡುತ್ತಿದ್ದರು. ಸೊಸೆಗೆ ಒಂದು ಕ್ಷಣ ಅದು ತನ್ನ ಅತ್ತೆ ಹೌದೋ ಅಲ್ಲವೋ ಎಂದೇ ಅನುಮಾನವಾಯಿತು.

"ಇವರಿಗೆ ನೀವೇನಾಗ್ಬೇಕು?" ಎಂದು ಕಾವಲುಗಾರ ಕೇಳಿದ.

ಅತ್ತೆ ಉತ್ತರ ಕೊಡುವ ಮೊದಲೇ ಮುದುಕರ ಕಣ್ಣು ಅರ್ಧ ತೆರೆಯಿತು. ಕೈ ಹೊದಿಕೆಯ ಮೇಲೆ ತಡಕಾಡಿ ಅತ್ತೆಯ ಬೆರಳುಗಳನ್ನು ಹಿಡಿದುಕೊಂಡಿತು. ಯಾರೆಂದುಕೊಂಡರೋ ಏನೋ.

"ಹೋಗ್ತೀಯಾ?" ಎಂದರು.

"ಇಲ್ಲಪ್ಪ" ಎಂದರು ಅತ್ತೆ. "ಇರ್ತೀನಿ."

ಕಾವಲುಗಾರ ಅತ್ತೆಯನ್ನು ನೋಡಿದ, ಹಿಂದೆ ನಿಂತಿದ್ದ ಇಬ್ಬರನ್ನೂ ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ತನ್ನ ಕೋಣೆಯಿಂದ ಎರಡು ಕುರ್ಚಿ ಎತ್ತಿಕೊಂಡು ಬಂದು, ಸದ್ದಾಗದಂತೆ ಮಂಚದ ಪಕ್ಕ ಇಟ್ಟ.